ಕದಲದ ಗೇರು, ಉರಿಯದ ದೀಪ

ಕಳೆದ ಮಳೆಗಾಲದ ಒಂದು ಸಂಜೆ, ಆಟದಲ್ಲಿ ಕಾಲು ಉಳುಕಿದ ಹುಡುಗನೊಬ್ಬನನ್ನು ಮನೆಗೆ ಮುಟ್ಟಿಸಲೆಂದು ನಾವು ಸಹೋದ್ಯೋಗಿಯೊಬ್ಬರ ಹಳೆಯ ಕಾರು ಹತ್ತಿದೆವು. ಅದು ಆಟೊಮ್ಯಾಟಿಕ್ ಗೇರಿನ ಗಾಡಿ. ಎಂಜಿನ್ ಚಾಲೂ ಆಯಿತು. ಗೇರಿನ ಹಿಡಿ ಮಾತ್ರ 'ಪಿ' ಅಕ್ಷರದಿಂದ ಕದಲಲೊಲ್ಲದು. ಇಬ್ಬರೂ ಸರದಿಯಂತೆ ಜಗ್ಗಿದೆವು. ಹಾಗೆ ಜಗ್ಗಿದರೆ ಒಳಗಿನ ಕೇಬಲ್ ಹಾಳಾದೀತೆಂಬುದು ಅನಂತರ ತಿಳಿಯಿತು.

'ಪಿ' ಎಂದರೆ ಪಾರ್ಕಿಂಗ್. ಅಲ್ಲಿಟ್ಟಾಗ ಗೇರ್‌ಬಾಕ್ಸಿನೊಳಗಿನ ಉಕ್ಕಿನ ಹಲ್ಲೊಂದು ಕಚ್ಚುಗಳುಳ್ಳ ಚಕ್ರದಲ್ಲಿ ಕೂತು ಗಾಡಿಯನ್ನು ತಡೆಯುತ್ತದೆ. ಹಿಡಿಗೂ ಬೇರೊಂದು ಬೀಗವುಂಟು. ಅಮೆರಿಕದಲ್ಲಿ 1980ರ ದಶಕದಲ್ಲಿ ಬ್ರೇಕೆಂದು ತಿಳಿದು ಆಕ್ಸಿಲರೇಟರ್ ತುಳಿದ ಅಪಘಾತಗಳು ದೊಡ್ಡ ಸುದ್ದಿಯಾದ ಮೇಲೆ ಈ ಬೀಗ ಬಳಕೆಗೆ ಬಂತು. ಬ್ರೇಕ್ ತುಳಿದಾಗ ಪೆಡಲಿನ ಬಳಿಯ ಸ್ವಿಚ್ಚು ಸಂಕೇತ ಕೊಡುತ್ತದೆ. ಪಾಠದಲ್ಲಿ ಓದಿದ ವಿದ್ಯುತ್ಕಾಂತವೇ ಇಲ್ಲಿ ಅಡ್ಡಗಡ್ಡಿಯನ್ನು ಸರಿಸುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಕೆಂಪು ದೀಪ ಉರಿಸುವುದೂ ಅದೇ ಸ್ವಿಚ್ಚು.

ಆದ್ದರಿಂದ ಮೊದಲು ನೋಡಬೇಕಾದದ್ದು ದೀಪವನ್ನು. ಹುಡುಗನೊಬ್ಬನನ್ನು ಪಕ್ಕಕ್ಕೆ ನಿಲ್ಲಿಸಿ ಬ್ರೇಕ್ ತುಳಿದಾಗ, "ಉರಿಯುವುದಿಲ್ಲ ಮಾಷ್ಟ್ರೇ" ಎಂದ. ಬ್ರೇಕ್ ದೀಪವಿಲ್ಲದೆ ಈ ಗಾಡಿ ಎಷ್ಟು ದಿನ ಹೆದ್ದಾರಿಯಲ್ಲಿ ಓಡಿತ್ತೋ! ಇಂಥಲ್ಲಿ ಫ್ಯೂಸ್ ಸುಟ್ಟಿರಬಹುದು, ಇಲ್ಲವೇ ಸ್ವಿಚ್ಚು ಕೆಟ್ಟಿರಬಹುದು. ಫ್ಯೂಸ್ ಆದರೆ ಅಷ್ಟೇ ಆಂಪಿಯರಿನದ್ದನ್ನೇ ಹಾಕಬೇಕು. ತಂತಿ ಸುತ್ತುವ ಜಾಣತನ ಬೇಡ.

ಅನೇಕ ಗಾಡಿಗಳಲ್ಲಿ ಹಿಡಿಯ ಪಕ್ಕದಲ್ಲಿ ಸಣ್ಣ ಮುಚ್ಚಳವಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು, ಅದರೊಳಗೆ ಕೀಲಿಕೈಯಿಂದ ಒತ್ತಿದರೆ ಬೀಗ ಬಿಡುತ್ತದೆ. ನಮ್ಮದೂ ಬಿಟ್ಟಿತು. ಆದರೆ ಮಳೆಯಲ್ಲಿ ದೀಪವಿಲ್ಲದ ಗಾಡಿಯಲ್ಲಿ ಮಗುವನ್ನು ಕೂರಿಸಲು ಮನಸ್ಸೊಪ್ಪದೆ ಆಟೋರಿಕ್ಷಾ ಕರೆಸಿದೆವು. ಮರುದಿನ ಮೆಕ್ಯಾನಿಕ್ ಬದಲಿಸಿದ್ದು ಸ್ವಿಚ್ಚೊಂದನ್ನೇ.

ದೀಪ ಉರಿದೂ ಹಿಡಿ ಬಿಗಿದಿದ್ದರೆ ನೆಲವನ್ನು ನೋಡಬೇಕು. ನಮ್ಮ ಕಾಸರಗೋಡಿನ ಕಡೆ ಏರುತಗ್ಗಿಲ್ಲದ ಅಂಗಳ ಎಷ್ಟಿದೆ? ಇಳಿಜಾರಿನಲ್ಲಿ ನೇರ 'ಪಿ'ಗೆ ಹಾಕಿ ಕಾಲು ತೆಗೆದರೆ ಗಾಡಿಯ ಭಾರವೆಲ್ಲ ಆ ಒಂದು ಹಲ್ಲಿನ ಮೇಲೆ. ಬ್ರೇಕ್ ತುಳಿದು 'ಎನ್'ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಮೆಲ್ಲನೆ ಸಡಿಲಿಸಿ ಭಾರ ಅದರ ಮೇಲೆ ನಿಂತ ಬಳಿಕವೇ ಮತ್ತೆ ಬ್ರೇಕ್ ತುಳಿದು 'ಪಿ'ಗೆ ಹಾಕುವುದು ಕ್ರಮ. ಬಿಡಿಸುವಾಗ ತಗ್ಗಿನ ಬದಿಯಲ್ಲಿ ಮಕ್ಕಳು ನಿಲ್ಲಬಾರದು.

ನಮ್ಮ ಸಹೋದ್ಯೋಗಿ ಈಗ ಶಾಲೆಯಿಂದ ಹೊರಡುವ ಮುಂಚೆ, ಹಿಂದಿನ ಸುಣ್ಣದ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಾರೆ.