ಪಕ್ಕವಾದ್ಯದ ಹಿರಿಮೆ

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ಚೆನ್ನೈಯ ಸಂಗೀತ ಸಭೆಗಳಲ್ಲಿ ಕಚೇರಿಗಳ ಸಾಲೇ ನಡೆಯುತ್ತದೆ. ವೇದಿಕೆಯ ನಡುವೆ ಗಾಯಕರು. ಒಂದು ಪಕ್ಕದಲ್ಲಿ ಪಿಟೀಲು, ಇನ್ನೊಂದು ಪಕ್ಕದಲ್ಲಿ ಮೃದಂಗ. ಕಚೇರಿ ಮುಗಿದು ಮನೆಗೆ ಹಿಂದಿರುಗುವಾಗ ನಾವು ಗಾಯಕರನ್ನು ಕೊಂಡಾಡುತ್ತೇವೆ. ಪಕ್ಕದಲ್ಲಿ ಕುಳಿತವರನ್ನು ನೆನೆಯುವುದು ಅಪರೂಪ. ಹೀಗೆ ಪಕ್ಕದಲ್ಲಿ ಕುಳಿತೇ ಈ ನಗರದ ರಸಿಕರ ಮನವನ್ನು ಗೆದ್ದ ಕನ್ನಡಿಗರೊಬ್ಬರಿದ್ದರು. ಅವರೇ ಪಿಟೀಲು ಚೌಡಯ್ಯನವರು.

ಪಿಟೀಲು ಯೂರೋಪಿನ ವಾದ್ಯ. ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ಅವರು ಈ ವಾದ್ಯವನ್ನು ಕಲಿತದ್ದು ಮದರಾಸಿನಲ್ಲಿಯೇ. ಕಂಠದ ಗಮಕಗಳನ್ನೆಲ್ಲ ಎಳೆಎಳೆಯಾಗಿ ಅನುಸರಿಸಬಲ್ಲದಾದುದರಿಂದ ಅದು ಕ್ರಮೇಣ ಗಾಯಕರ ನಿತ್ಯಸಂಗಾತಿಯಾಯಿತು.

ಪಕ್ಕವಾದ್ಯಗಾರನ ಕೆಲಸವೇನು? ಗಾಯಕರು ರಾಗಾಲಾಪನೆ ಮಾಡುವಾಗ ಆತನು ನೆರಳಿನಂತೆ ಹಿಂಬಾಲಿಸಬೇಕು. ಅವರು ನಿಲ್ಲಿಸಿದೊಡನೆ ಅದೇ ರಾಗವನ್ನು ತನ್ನ ಸರದಿಯಲ್ಲಿ ನುಡಿಸಬೇಕು. ಕೃತಿಯನ್ನು ಹಾಡುವಾಗ ಸಾಹಿತ್ಯವನ್ನು ಬಿಡದೆ ಜೊತೆಗೂಡಬೇಕು. ಸ್ವರಕಲ್ಪನೆಯಲ್ಲಿ ಅವರು ಒಡ್ಡಿದ ಲೆಕ್ಕಾಚಾರಕ್ಕೆ ಕ್ಷಣಮಾತ್ರದಲ್ಲಿ ಉತ್ತರ ಕೊಡಬೇಕು. ಅವರು ಯಾವ ಸ್ವರವನ್ನು ಹಿಡಿಯುವರೆಂಬುದು ಆತನಿಗೆ ಮೊದಲೇ ತಿಳಿದಿರುವುದಿಲ್ಲ. ಆದುದರಿಂದ ಆತನ ಕೈಗಿಂತ ಕಿವಿ ಹೆಚ್ಚು ಚುರುಕಾಗಿರಬೇಕು. ಮೀರಿ ನುಡಿಸಿದರೆ ಕಚೇರಿ ಕೆಡುತ್ತದೆ. ಅಳುಕಿ ನುಡಿಸಿದರೆ ಕಳೆಗುಂದುತ್ತದೆ.

ಚೌಡಯ್ಯನವರು ಹುಟ್ಟಿದುದು ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ, 1895ರಲ್ಲಿ. ಅವರ ಗುರುಗಳು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಇಲ್ಲೊಂದು ವಿಶೇಷವನ್ನು ಗಮನಿಸಬೇಕು: ಕೃಷ್ಣಪ್ಪನವರು ಗಾಯಕರು. ಗಾಯಕರ ಬಳಿ ಕಲಿತುದರಿಂದ ಗಾಯಕನ ಮನಸ್ಸನ್ನು ಒಳಗಿನಿಂದ ಅರಿಯುವುದು ಶಿಷ್ಯನಿಗೆ ಸಾಧ್ಯವಾಯಿತು. ಚೌಡಯ್ಯನವರು ಗುರುಗಳ ಕಚೇರಿಗಳಲ್ಲಿಯೇ ಪಕ್ಕವಾದ್ಯ ನುಡಿಸಿ ಪಳಗಿದರು.

ಅಂದು ಧ್ವನಿವರ್ಧಕ ಯಂತ್ರಗಳು ಬಳಕೆಗೆ ಬಂದಿರಲಿಲ್ಲ. ದೊಡ್ಡ ಸಭೆಗಳಲ್ಲಿ ಗಾಯಕರ ತುಂಬುಕಂಠದೆದುರು ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ತಲುಪುವುದು ಕಷ್ಟವಾಗಿತ್ತು. ಈ ಕೊರತೆಯನ್ನು ನೀಗಲು ಚೌಡಯ್ಯನವರು 1927ರ ಸುಮಾರಿಗೆ ಒಂದು ಉಪಾಯವನ್ನು ಕಂಡುಕೊಂಡರು. ವಾದ್ಯದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಕಟ್ಟಿದರು. ಹೀಗೆ ಏಳು ತಂತಿಗಳ ಪಿಟೀಲು ಸಿದ್ಧವಾಯಿತು. ಕಮಾನಿನ ಒಂದೇ ಎಳೆತಕ್ಕೆ ಎರಡು ತಂತಿಗಳು ಕೂಡಿ ನುಡಿದು ನಾದ ತುಂಬಿಬರುತ್ತಿತ್ತು. ಆದರೆ ಜೋಡಿತಂತಿಗಳನ್ನು ಶ್ರುತಿಗೂಡಿಸುವುದೂ, ಒಂದೇ ಬೆರಳಿನಿಂದ ಎರಡನ್ನೂ ಸಮನಾಗಿ ಒತ್ತುವುದೂ ಸುಲಭವಲ್ಲ. ಈ ಹೊಸತನವನ್ನು ಎಲ್ಲರೂ ಒಪ್ಪಲಿಲ್ಲ. ಚೌಡಯ್ಯನವರು ಬಿಡಲೂ ಇಲ್ಲ.

ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಮಹಾಗಾಯಕರ ಪಕ್ಕದಲ್ಲಿ ಅವರ ಪಿಟೀಲು ಮೊಳಗಿತು. ಒಬ್ಬೊಬ್ಬ ಗಾಯಕರ ಶೈಲಿ ಒಂದೊಂದು ಬಗೆ. ಆ ಎಲ್ಲ ಬಗೆಗಳಿಗೂ ಒಂದೇ ಪಿಟೀಲು ಹೊಂದಿಕೊಳ್ಳಬೇಕಾಗಿತ್ತು. ಅವರು 1943ರಲ್ಲಿ ನಿರ್ಮಿಸಿದ ‘ವಾಣಿ’ ಎಂಬ ಕನ್ನಡ ಚಲನಚಿತ್ರದಲ್ಲಿ ಚೆಂಬೈಯವರ ಕಚೇರಿಯೊಂದಿದೆ. ಅಲ್ಲಿಯೂ ಚೌಡಯ್ಯನವರು ಕುಳಿತಿರುವುದು ಗಾಯಕರ ಪಕ್ಕದಲ್ಲಿಯೇ! ಅವರು ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು.

ಮದರಾಸಿನ ಮ್ಯೂಸಿಕ್ ಅಕಾಡೆಮಿಯು 1957ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತಿತು. ಗಾಯಕರಿಗೇ ಅಗ್ರಸ್ಥಾನವಿದ್ದ ಸಂಗೀತ ಲೋಕದಲ್ಲಿ ಪಕ್ಕವಾದ್ಯದಿಂದ ಹೆಸರಾದವರೊಬ್ಬರಿಗೆ ಸಂದ ದೊಡ್ಡ ಮನ್ನಣೆಯಿದು. ಮೃದಂಗ ವಿದ್ವಾಂಸರೊಬ್ಬರು ಈ ಬಿರುದನ್ನು ಮೊದಲು ಪಡೆಯಲು 1966ರವರೆಗೆ ಕಾಯಬೇಕಾಯಿತು. ಅವರು ಪಾಲ್ಘಾಟ್ ಮಣಿ ಅಯ್ಯರ್. ಚೌಡಯ್ಯನವರು 1967ರಲ್ಲಿ ಕಾಲವಾದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿರುವ ಸಭಾಂಗಣವೊಂದು ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಈ ಧರ್ಮ ನಮ್ಮ ಸಂಗೀತಕ್ಕೆ ಮಾತ್ರ ಮೀಸಲಲ್ಲ. ಅಮೆರಿಕದ ಜಾಝ್ ಸಂಗೀತದಲ್ಲಿಯೂ ಕಲಾವಿದರು ವೇದಿಕೆಯ ಮೇಲೆಯೇ ಕಲ್ಪಿಸಿ ನುಡಿಸುತ್ತಾರೆ. ಅಲ್ಲಿಯೂ ಪಕ್ಕದಲ್ಲಿರುವವರು ಕಿವಿಗೊಟ್ಟೇ ನಡೆಯಬೇಕು. ಟಾಮಿ ಫ್ಲಾನಗನ್ ಎಂಬ ಪಿಯಾನೋ ವಾದಕರು 1968ರಿಂದ 1978ರವರೆಗೆ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರಿಗೆ ಜೊತೆಯಾಗಿ ನುಡಿಸಿದರು. ಅನಂತರ ತಮ್ಮದೇ ತಂಡದ ನಾಯಕರಾಗಿಯೂ ಪ್ರಸಿದ್ಧರಾದರು. ಇನ್ನೊಬ್ಬರ ಹಾಡಿಗೆ ಕಿವಿಗೊಟ್ಟವರು ತಮ್ಮ ಸ್ವಂತ ದನಿಯನ್ನು ಕಳೆದುಕೊಳ್ಳುವುದಿಲ್ಲವೆಂಬುದಕ್ಕೆ ಇಬ್ಬರೂ ಸಾಕ್ಷಿ.

ನಾವೆಲ್ಲರೂ ಶಾಲೆಯ ಸಮಾರಂಭಗಳಲ್ಲಿ ನಡುವಿನ ಸ್ಥಾನವನ್ನೇ ಬಯಸುತ್ತೇವೆ. ಪಕ್ಕದ ಸ್ಥಾನ ದೊರೆತರೆ ಮುಖ ಬಾಡುತ್ತದೆ. ಮುಂದಿನ ಬಾರಿ ಕಚೇರಿಗೆ ಹೋದಾಗ ಸ್ವಲ್ಪ ಹೊತ್ತು ಪಿಟೀಲಿನವರನ್ನೇ ನೋಡುತ್ತ ಕುಳಿತಿರೋಣ. ಗಾಯಕರು ಒಂದು ಸುಂದರವಾದ ಸಂಚಾರವನ್ನು ಮುಗಿಸಿದಾಗ ಮೊದಲು ತಲೆದೂಗುವವರು ಸಭಿಕರಲ್ಲ, ಪಕ್ಕದಲ್ಲಿರುವ ಆ ವಿದ್ವಾಂಸರು. ಆ ತಲೆದೂಗುವಿಕೆಯಿಂದ ಗಾಯಕರಿಗೆ ಬರುವ ಹುರುಪನ್ನು ಕಂಡರೆ, ಪಕ್ಕದ ಸ್ಥಾನವೆಂದರೇನೆಂಬುದು ನಮಗೆ ತಾನಾಗಿ ತಿಳಿದೀತು.