ನೀರ ಮೇಲೊಂದು ಪೇಟೆ: ಎಸ್ಗರೋತ್‌ನ ವ್ಯಾಪಾರ ಮತ್ತು ಪತನ

ಕಲ್ಪನಾಲೋಕದ ಕಥೆಗಳಲ್ಲಿ ಅರಮನೆ, ಕೋಟೆ, ಗುಹೆ, ಗೊಂಡಾರಣ್ಯಗಳಿಗೆ ಕೊರತೆಯಿಲ್ಲ. ಆದರೆ ಆ ಅರಮನೆಯ ಅಡುಗೆಮನೆಗೆ ಬೆಣ್ಣೆ ಎಲ್ಲಿಂದ ಬಂತು, ಅರಸನ ಔತಣಕ್ಕೆ ದ್ರಾಕ್ಷಾರಸ ಹೊತ್ತು ತಂದವರು ಯಾರು, ದಾರಿಯಲ್ಲಿ ಸುಂಕ ಪಡೆದವರು ಯಾರು ಎಂಬುದನ್ನು ಹೇಳುವ ಕಥೆಗಳು ವಿರಳ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ (1892-1973) ಬರೆದ 'ದಿ ಹಾಬಿಟ್' ಅಂಥ ವಿರಳ ಕೃತಿಗಳಲ್ಲೊಂದು. 1937ರಲ್ಲಿ ಪ್ರಕಟವಾದ ಈ ಮಕ್ಕಳ ಕಾದಂಬರಿಯಲ್ಲಿ ಎಸ್ಗರೋತ್ ಅಥವಾ ಲೇಕ್‌ಟೌನ್ ಎಂಬ ವ್ಯಾಪಾರಿ ಪಟ್ಟಣವೊಂದು ಬರುತ್ತದೆ. ಕಥೆಯಲ್ಲಿ ಅದಕ್ಕೆ ದೊರೆಯುವ ಪುಟಗಳು ಕಡಿಮೆ. ಆದರೂ ಆ ಪೇಟೆ ಹೇಗೆ ಬದುಕಿತು, ಹೇಗೆ ಸುಟ್ಟುಹೋಯಿತು, ನಷ್ಟವನ್ನು ಯಾರು ತುಂಬಬೇಕಾಯಿತು ಎಂಬ ವೃತ್ತಾಂತವು ಇಂದಿನ ನಗರವಾಸಿಗಳೂ ಗಮನಿಸತಕ್ಕಂಥದ್ದು.

ಪೀಪಾಯಿಗಳ ಲೆಕ್ಕಾಚಾರ

ಎಸ್ಗರೋತ್ ಇರುವುದು ದಡದಲ್ಲಲ್ಲ, ವಿಶಾಲ ಸರೋವರವೊಂದರ ನೀರಿನ ಮೇಲೆ. ಕಾಡಿನ ಭಾರೀ ಮರಗಳನ್ನು ಕಂಬಗಳಾಗಿ ನೀರಿನ ತಳಕ್ಕೆ ನಾಟಿ, ಅವುಗಳ ಮೇಲೆ ಬೀದಿಗಳನ್ನೂ ಮನೆಗಳನ್ನೂ ಕಟ್ಟಲಾಗಿದೆ. ದಡಕ್ಕೂ ಪಟ್ಟಣಕ್ಕೂ ನಡುವೆ ಮರದ ಸೇತುವೆ. ಪೇಟೆಯ ನಡುವೆ ದೋಣಿಗಳು ಬಂದು ನಿಲ್ಲುವ ದುಂಡನೆಯ ಕೊಳ, ಅದರ ಸುತ್ತ ದೊಡ್ಡ ಮನೆಗಳು ಮತ್ತು ನೀರಿಗಿಳಿಯುವ ಮೆಟ್ಟಿಲುಗಳು. ಈ ನೋಟವನ್ನು ಟೋಲ್ಕಿನ್ ಸ್ವತಃ ಚಿತ್ರವಾಗಿಯೂ ಬರೆದಿದ್ದಾರೆ.

ಇದು ಕೇವಲ ಕಲ್ಪನೆಯ ಆಟವಲ್ಲ. ಆಲ್ಪ್ಸ್ ಪರ್ವತಗಳ ಸುತ್ತಮುತ್ತ ಸಾವಿರಾರು ವರ್ಷಗಳ ಹಿಂದೆ ಜನರು ಸರೋವರಗಳ ಅಂಚಿನಲ್ಲಿ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿದ್ದರು. 1853-54ರ ಚಳಿಗಾಲದಲ್ಲಿ ಜ್ಯೂರಿಕ್ ಸರೋವರದ ನೀರು ಇಳಿದಾಗ ಅಂಥ ಕಂಬಗಳು ಕಾಣಿಸಿಕೊಂಡು ವಿದ್ವಾಂಸರ ಗಮನ ಸೆಳೆದವು. ಆರು ದೇಶಗಳಲ್ಲಿ ಹರಡಿರುವ ಇಂಥ 111 ನೆಲೆಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಸ್ಗರೋತ್‌ನಲ್ಲಿಯೂ ಬರಗಾಲದಲ್ಲಿ ನೀರು ಇಳಿದಾಗ, ಹಿಂದೊಮ್ಮೆ ಅಲ್ಲಿದ್ದ ಇನ್ನೂ ದೊಡ್ಡ ಪಟ್ಟಣದ ಕೊಳೆತ ಕಂಬಗಳು ಗೋಚರಿಸುತ್ತವೆ ಎಂದು ಲೇಖಕರು ಹೇಳುತ್ತಾರೆ.

ಆ ಹಳೆಯ ವೈಭವಕ್ಕೆ ಕಾರಣ ಉತ್ತರದ ಒಂಟಿ ಪರ್ವತದ ಕುಬ್ಜರ ರಾಜ್ಯ ಮತ್ತು ಅದರ ಬುಡದಲ್ಲಿದ್ದ ಡೇಲ್ ಪಟ್ಟಣ. ಸ್ಮಾಗ್ ಎಂಬ ಡ್ರ್ಯಾಗನ್ ಇವೆರಡನ್ನೂ ನಾಶಮಾಡಿ ಪರ್ವತದೊಳಗಿನ ಸಂಪತ್ತಿನ ಮೇಲೆ ಮಲಗಿತು. ಉತ್ತರದ ವ್ಯಾಪಾರ ನಿಂತುಹೋದರೂ ಎಸ್ಗರೋತ್ ಸಾಯಲಿಲ್ಲ. ದಕ್ಷಿಣದಿಂದ ನದಿಯಲ್ಲಿ ಬರುವ ಸರಕನ್ನು ಜಲಪಾತದ ಬಳಿ ಗಾಡಿಗೆ ಹೇರಿ ಪಟ್ಟಣಕ್ಕೆ ತರುವ ವ್ಯವಸ್ಥೆ ಉಳಿದಿತ್ತು. ಪಶ್ಚಿಮದ ಮಿರ್ಕ್‌ವುಡ್ ಕಾಡಿನಲ್ಲಿ ಎಲ್ಫ್ ಎಂಬ ವನವಾಸಿಗಳ ಅರಸನಿದ್ದ. ಅವನ ಕಾಡಿನಲ್ಲಿ ದ್ರಾಕ್ಷಿ ಬೆಳೆಯದು. ಅವನಿಗಾದರೋ ದೂರದ ಡೊರ್ವಿನಿಯನ್ ಸೀಮೆಯ ಮದ್ಯವೇ ಬೇಕು.

ತುಂಬಿದ ಪೀಪಾಯಿಗಳನ್ನು ತೆಪ್ಪದಂತೆ ಕಟ್ಟಿಯೋ, ಚಪ್ಪಟೆ ದೋಣಿಗಳಿಗೆ ಹೇರಿಯೋ ಪ್ರವಾಹಕ್ಕೆ ಎದುರಾಗಿ ಸಾಗಿಸಲಾಗುತ್ತಿತ್ತು. ಖಾಲಿಯಾದವನ್ನು ಅರಮನೆಯ ನೆಲಮಾಳಿಗೆಯ ಬಾಗಿಲಿನಿಂದ ಹೊಳೆಗೆ ಉರುಳಿಸಿದರೆ ಸಾಕು, ಅವು ತೇಲುತ್ತ ಹೋಗುತ್ತಿದ್ದವು. ಕೆಳಗೆ ಅವನ್ನು ಒಟ್ಟುಗೂಡಿಸಿ ಪೇಟೆಗೆ ಮರಳಿಸಲಾಗುತ್ತಿತ್ತು. ಅರಸನ ಸೆರೆಯಲ್ಲಿದ್ದ ಹದಿಮೂರು ಕುಬ್ಜರು ತಪ್ಪಿಸಿಕೊಂಡು ಬಂದದ್ದು ಈ ಪೀಪಾಯಿಗಳೊಳಗೆ ಅಡಗಿಯೇ. ಕಥೆಯ ರೋಚಕ ಪ್ರಸಂಗವೊಂದು ನಿಂತಿರುವುದು ಸರಕು ಸಾಗಣೆಯ ಸರಳ ಲೆಕ್ಕದ ಮೇಲೆ ಎಂಬುದು ಗಮನಾರ್ಹ.

ಅಧ್ಯಕ್ಷನ ಜಾಣತನ

ಎಸ್ಗರೋತ್‌ಗೆ ಅರಸನಿಲ್ಲ. ಹಿರಿಯರೂ ಅನುಭವಿಗಳೂ ಆದವರಲ್ಲಿ ಒಬ್ಬನನ್ನು ಜನರೇ ಆರಿಸುತ್ತಾರೆ. 'ಮಾಸ್ಟರ್' ಎನಿಸಿಕೊಳ್ಳುವ ಅವನು ಒಂದರ್ಥದಲ್ಲಿ ಪುರಾಧ್ಯಕ್ಷ. ಸುಂಕ, ಸರಕು, ಹಣಕಾಸುಗಳಲ್ಲಿ ನಿಪುಣ. ಕುಬ್ಜರ ನಾಯಕ ಥೋರಿನ್ ಬಂದು ತಾನು ಪರ್ವತದ ಅರಸನ ವಂಶಜನೆಂದು ಸಾರಿದಾಗ ಅಧ್ಯಕ್ಷ ಇಕ್ಕಟ್ಟಿಗೆ ಸಿಲುಕುತ್ತಾನೆ. ಅವನಿಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ದೊಡ್ಡ ಗಿರಾಕಿಯಾದ ಎಲ್ಫ್ ಅರಸನನ್ನು ಎದುರುಹಾಕಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಅರಸ ಮರಳಿದರೆ ಹೊಳೆಯಲ್ಲಿ ಹೊನ್ನು ಹರಿಯುತ್ತದೆ ಎಂಬ ಹಳೆಯ ಹಾಡನ್ನು ಜನ ಆಗಲೇ ಬೀದಿಗಳಲ್ಲಿ ಹಾಡತೊಡಗಿದ್ದರು. ಅಧ್ಯಕ್ಷ ಜನರ ದನಿಗೆ ದನಿಗೂಡಿಸಿದ. ಕುಬ್ಜರಿಗೆ ಮನೆ, ದೋಣಿ, ಆಹಾರ ಎಲ್ಲವೂ ದೊರೆತವು. ಅಪಾಯದ ಬಗ್ಗೆ ಯಾರೂ ಯೋಚಿಸಲಿಲ್ಲ.

ನಿದ್ರೆಯಿಂದೆದ್ದ ಸ್ಮಾಗ್ ಸರೋವರದವರೇ ಕಳ್ಳರಿಗೆ ನೆರವಾದರೆಂದು ಊಹಿಸಿ ಪಟ್ಟಣದ ಮೇಲೆರಗಿತು. ಸೇತುವೆಯನ್ನು ಕಡಿದುಹಾಕಿದ್ದರಿಂದ ಅದು ನೆಲದ ಮೇಲಿಂದ ನುಗ್ಗಲಾಗಲಿಲ್ಲ. ಆದರೆ ಮರದ ಮನೆಗಳಿಗೆ ಆಕಾಶದಿಂದ ಸುರಿದ ಬೆಂಕಿಯನ್ನು ನೀರು ತಡೆಯಲಾರದೆ ಹೋಯಿತು. ಬಿಲ್ಲುಗಾರರ ದಳದ ನಾಯಕ ಬಾರ್ಡ್ ಬಿಟ್ಟ ಬಾಣಕ್ಕೆ ಡ್ರ್ಯಾಗನ್ ಸತ್ತು, ಪಟ್ಟಣದ ಮೇಲೆಯೇ ಬಿತ್ತು. ಜನರಲ್ಲಿ ನಾಲ್ಕನೇ ಮೂರು ಭಾಗದವರು ಬದುಕುಳಿದರು. ಚಳಿ, ಹಸಿವು, ಕಾಯಿಲೆಗಳಿಗೆ ಇನ್ನೂ ಹಲವರು ಬಲಿಯಾದರು. ದೋಣಿಯೇರಿ ಪಾರಾಗಿದ್ದ ಅಧ್ಯಕ್ಷನ ಮೇಲೆ ಜನ ಸಿಟ್ಟಿಗೆದ್ದಾಗ, ಅವನು ಆ ಸಿಟ್ಟನ್ನು ಜಾಣತನದಿಂದ ಕುಬ್ಜರತ್ತ ತಿರುಗಿಸಿದ.

ನಷ್ಟ ತುಂಬುವವರು ಯಾರು?

ಇಲ್ಲಿಂದ ಮುಂದೆ ಕಥೆ ಸಾಹಸಗಾಥೆಯಾಗಿ ಉಳಿಯುವುದಿಲ್ಲ, ಪರಿಹಾರದ ವ್ಯಾಜ್ಯವಾಗುತ್ತದೆ. ಬಾರ್ಡ್ ಮಂಡಿಸಿದ ವಾದಗಳು ಮೂರು. ಡ್ರ್ಯಾಗನ್ ಕೊಂದು ನಿಧಿಯನ್ನು ಬಿಡಿಸಿದವನು ತಾನು. ಆ ನಿಧಿಯಲ್ಲಿ ತನ್ನ ಪೂರ್ವಜರ ಡೇಲ್ ಪಟ್ಟಣದ ಸೊತ್ತೂ ಸೇರಿದೆ. ಕಷ್ಟದಲ್ಲಿ ಆಶ್ರಯವಿತ್ತ ಸರೋವರದ ಜನರಿಗೆ ಪ್ರತಿಫಲವಾಗಿ ಸಿಕ್ಕಿದ್ದು ಸರ್ವನಾಶ. ಅವನು ಕೇಳಿದ್ದು ಹನ್ನೆರಡರಲ್ಲೊಂದು ಪಾಲು. ಸೈನ್ಯ ಬಾಗಿಲಲ್ಲಿ ನಿಂತಿರುವಾಗ ಮಾತುಕತೆ ಇಲ್ಲವೆಂದು ಥೋರಿನ್ ಹಟ ಹಿಡಿದ. ಯುದ್ಧದಲ್ಲಿ ಅವನು ಸತ್ತ ಮೇಲೆ ಅವನ ಬಂಧು ಡೈನ್ ಹದಿನಾಲ್ಕರಲ್ಲೊಂದು ಪಾಲನ್ನು ಕೊಟ್ಟ. ಮೊದಲೇ ಒಪ್ಪಿದ್ದರೆ ತೀರಬಹುದಾಗಿದ್ದ ವ್ಯಾಜ್ಯಕ್ಕೆ ಇಷ್ಟೆಲ್ಲ ಬೆಲೆ ತೆರಬೇಕಾಯಿತು.

ಪೀಟರ್ ಜಾಕ್ಸನ್ ನಿರ್ದೇಶನದ 2013ರ ಚಲನಚಿತ್ರದಲ್ಲಿ ಎಸ್ಗರೋತ್ ಬಡತನ, ದಬ್ಬಾಳಿಕೆಗಳ ಕೊಳಕು ಪಟ್ಟಣವಾಗಿ ಕಾಣುತ್ತದೆ. ಬಾರ್ಡ್ ಅಲ್ಲಿ ದೋಣಿ ನಡೆಸುವವನು. ಮೂಲ ಕೃತಿಯ ಪೇಟೆ ಅಷ್ಟು ದೀನವಲ್ಲ. ಹೊಟ್ಟೆಬಟ್ಟೆಗೆ ಸಾಲುವ ವ್ಯಾಪಾರ ಅದಕ್ಕಿತ್ತು. ಆದ್ದರಿಂದಲೇ ಅದರ ದುರಂತ ಹೆಚ್ಚು ನಿಜವೆನಿಸುತ್ತದೆ. ಕೆಡುಕು ಬಂದದ್ದು ಬಡತನದಿಂದಲ್ಲ, ಅಪಾಯವನ್ನು ಪಕ್ಕದಲ್ಲಿಟ್ಟುಕೊಂಡು ಲಾಭವನ್ನಷ್ಟೇ ಎಣಿಸಿದ್ದರಿಂದ.

ಪಟ್ಟಣವನ್ನು ಮತ್ತೆ ಕಟ್ಟಲಾಯಿತು. ಪುನರ್ವಸತಿಗೆಂದು ಬಾರ್ಡ್ ಕೊಟ್ಟ ಹೊನ್ನಿನ ಬಹುಪಾಲನ್ನು ಹಳೆಯ ಅಧ್ಯಕ್ಷ ಹೊತ್ತುಕೊಂಡು ಓಡಿಹೋದ. ಸಂಗಡಿಗರು ಕೈಬಿಟ್ಟು, ಪಾಳುಭೂಮಿಯಲ್ಲಿ ಹಸಿವಿನಿಂದ ಸತ್ತ. ಅವನ ನಂತರ ಬಂದ ವಿವೇಕಿ ಅಧ್ಯಕ್ಷನ ಕಾಲದಲ್ಲಿ ಪೇಟೆ ಹಿಂದೆಂದಿಗಿಂತ ಸಮೃದ್ಧವಾಯಿತು. ಹೊಳೆಯಲ್ಲಿ ಹೊನ್ನು ಹರಿಯುತ್ತದೆಂಬ ಹಾಡು ಕೊನೆಗೂ ನಿಜವಾಯಿತೆಂದು ಜನ ಹೇಳಿಕೊಂಡರು. ಹಾಗೆ ಹರಿದದ್ದು ಪರ್ವತ, ಡೇಲ್ ಮತ್ತು ಸರೋವರಗಳ ನಡುವೆ ಮತ್ತೆ ಓಡಾಡತೊಡಗಿದ ಸರಕು.