ಗಣಕಯಂತ್ರಕ್ಕೆ ಬಂದ ಮರೆವು

ಕಲಾ ಕಾಲೇಜಿನ ವಿದ್ಯಾರ್ಥಿಗೂ ಗಣಕಯಂತ್ರದ ಒಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಈ ವರ್ಷದ ಆರಂಭದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಗುಂಡಿ ಒತ್ತಿದರೆ ಅದು ಬೆಳಗಬೇಕು. ಬೆಳಗದಿದ್ದರೆ ರಿಪೇರಿಯವರನ್ನು ಕರೆಯಬೇಕು. ಇಷ್ಟೇ ನನ್ನ ಯಂತ್ರಜ್ಞಾನವಾಗಿದ್ದಿತು. ಅದು ಸಾಲದೆಂದು ಒಂದು ದಿನ ಚೆನ್ನಾಗಿ ಮನದಟ್ಟಾಯಿತು. ಅಂದು ಕಲಿತದ್ದನ್ನು ಮಿತ್ರರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಕನ್ನಡ ವಿಭಾಗದಲ್ಲಿ ಹಳೆಯದೊಂದು ಡೆಸ್ಕ್‌ಟಾಪ್ ಗಣಕಯಂತ್ರವುಂಟು. ನಾವು ಕೆಲವರು ಎರಡು ವರ್ಷ ರಜಾದಿನಗಳಲ್ಲಿ ಊರೂರು ತಿರುಗಿ, ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದು, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಅದರಲ್ಲಿ ಕೂಡಿಟ್ಟಿದ್ದೆವು. ಹಾಡಿದವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ಯುಗಾದಿ ಕಳೆದ ಮೇಲೆ ಅವಳು ತೀರಿಕೊಂಡಳು. ಅವಳ ದನಿ ಉಳಿದಿದ್ದುದು ಆ ಯಂತ್ರದ ಡಿಸ್ಕಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಮಾಡಿಡಿರೆಂದು ಗುರುಗಳು ಎಷ್ಟೋ ಸಲ ಹೇಳಿದ್ದರು. "ನಾಳೆ ಮಾಡ್ತೀವಿ ಸಾರ್" ಎಂದು ನಾವೂ ಅಷ್ಟೇ ಸಲ ಹೇಳಿದ್ದೆವು.

ಬೇಸಗೆಯ ರಜೆ ಮುಗಿದು ಕಾಲೇಜು ತೆರೆದ ದಿನ ಯಂತ್ರವನ್ನು ಚಾಲೂ ಮಾಡಿದರೆ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು ಮೂಡಿತು: "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್". ರಿಪೇರಿಯವರೊಬ್ಬರು ಬಂದು ಎರಡು ನಿಮಿಷ ನೋಡಿ, "ಡಿಸ್ಕ್ ಕೆಟ್ಟಿದೆ. ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಹೊಸದು ಹಾಕಿಸಿ" ಎಂದರು. ನನ್ನ ಎದೆ ಧಸಕ್ಕೆಂದಿತು. ಗುರುಗಳು ಮಾತ್ರ, "ಒಂದು ದಿನ ತಾಳಿ" ಎಂದು ಅವರನ್ನು ಕಳುಹಿಸಿ, ಯಂತ್ರಗಳಲ್ಲಿ ಬಹಳ ಆಸಕ್ತಿಯುಳ್ಳ ನಮ್ಮ ಭೂಗೋಳದ ಮೇಷ್ಟ್ರನ್ನು ಕರೆತಂದರು. ಮುಂದೆ ಬರೆಯುವುದೆಲ್ಲ ಅವರಿಂದ ಕಲಿತದ್ದು.

ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ವಿಂಡೋಸ್ ತಾನಾಗಿ ಏಳುವುದಿಲ್ಲ. ಅದು ಡಿಸ್ಕಿನಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸಲು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದಿಟ್ಟಿರುತ್ತಾರೆ. ಹಳೆಯ ಬಗೆಯದಕ್ಕೆ ಬಯಾಸ್ ಎಂದೂ ಹೊಸ ಬಗೆಯದಕ್ಕೆ ಯುಇಎಫ್‌ಐ ಎಂದೂ ಹೆಸರು. ಎಬ್ಬಿಸುವ ಈ ಕೆಲಸವೇ ಬೂಟ್.

ನಮ್ಮ ಕಾಲೇಜಿನ ಅಟೆಂಡರರನ್ನು ನೆನೆಯಿರಿ. ಬೆಳಿಗ್ಗೆ ಬಾಗಿಲು ತೆರೆದು, ಬೆಂಚು ಕುರ್ಚಿ ಸರಿಯಾಗಿವೆಯೆ ಎಂದು ನೋಡಿ, ಕೈಯಲ್ಲಿರುವ ಚೀಟಿಯಂತೆ ಮೇಷ್ಟ್ರನ್ನು ಹುಡುಕಿ ತರಗತಿಗೆ ಕರೆತರುವುದು ಅವರ ಕೆಲಸವೆಂದು ಇಟ್ಟುಕೊಳ್ಳೋಣ. ಪಾಠ ಹೇಳುವುದು ಅವರ ಕೆಲಸವಲ್ಲ. ಮೇಷ್ಟ್ರು ಸಿಕ್ಕದಿದ್ದರೆ "ಮೇಷ್ಟ್ರಿಲ್ಲ" ಎಂದು ಹೇಳಿ ನಿಂತುಬಿಡುತ್ತಾರೆ. ಆ ಕಪ್ಪು ಪರದೆಯ ಸಾಲಿಗೆ ಇಷ್ಟೇ ಅರ್ಥ. ಅಷ್ಟಕ್ಕೇ ಮೇಷ್ಟ್ರು ತೀರಿಹೋದರೆಂದು ಯಾರಾದರೂ ಅಳುತ್ತಾರೆಯೆ? ಅವರು ಕಾಲೇಜಿಗೇ ಬಾರದಿರಬಹುದು. ಬಂದಿದ್ದರೂ ಚೀಟಿಯಲ್ಲಿ ಬೇರೊಬ್ಬರ ಹೆಸರಿರಬಹುದು. ಹೆಸರು ಸರಿಯಿದ್ದರೂ ಅವರ ಪಾಠದ ಟಿಪ್ಪಣಿ ಕಳೆದಿರಬಹುದು. ಡಿಸ್ಕಿನ ತೊಂದರೆಗಳೂ ಈ ಮೂರೇ ಬಗೆ.

ಆದ್ದರಿಂದ ಮೊದಲ ಪ್ರಶ್ನೆ ಒಂದೇ: ಡಿಸ್ಕು ಯಂತ್ರದ ಕಣ್ಣಿಗೆ ಬಿದ್ದಿದೆಯೆ, ಇಲ್ಲವೆ? ಇದನ್ನು ತಿಳಿಯಲು ಯಾವುದನ್ನೂ ಬಿಚ್ಚಬೇಕಾಗಿಲ್ಲ. ಚುಚ್ಚಿರುವ ಪೆನ್‌ಡ್ರೈವ್ ಮುಂತಾದುವನ್ನು ಮೊದಲು ತೆಗೆದುಬಿಡಬೇಕು. ಎಷ್ಟೋ ವೇಳೆ ಯಂತ್ರವು ಅದರಲ್ಲಿ ವಿಂಡೋಸ್ ಹುಡುಕಿ ಸೋತಿರುತ್ತದೆ. ಬಳಿಕ ಯಂತ್ರವನ್ನು ಚಾಲೂ ಮಾಡಿ, ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು. ಕೆಲವು ಯಂತ್ರಗಳಲ್ಲಿ ಬೇರೆ ಕೀಲಿ ಇರುವುದೂ ಉಂಟು. ಆಗ ಸೆಟಪ್ ಎಂಬ ಪುಟ ತೆರೆಯುತ್ತದೆ. ಅಲ್ಲಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರನ್ನು ನೋಡಬೇಕು.

ಹೆಸರು ಇಲ್ಲವಾದರೆ ದೋಷವು ವೈರಿನಲ್ಲೋ ಡಿಸ್ಕಿನಲ್ಲೋ ಇರುತ್ತದೆ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಆಮೇಲೆ ಒಳಗೆ ಕೈಹಾಕಬೇಕು. ಸಾಟಾ ಡಿಸ್ಕಿಗೆ ಎರಡು ವೈರುಗಳಿರುತ್ತವೆ: ಮಾಹಿತಿಗೆ 7 ಸಂಪರ್ಕಗಳ ಕಿರಿದಾದುದೊಂದು, ವಿದ್ಯುತ್ತಿಗೆ 15 ಸಂಪರ್ಕಗಳ ಅಗಲವಾದುದೊಂದು. ಎರಡನ್ನೂ ಬಿಚ್ಚಿ ಗಟ್ಟಿಯಾಗಿ ಮತ್ತೆ ಸೇರಿಸಬೇಕು. ಕಾಣದಿದ್ದರೆ ಬೇರೆ ವೈರು, ಆಮೇಲೆ ಬೇರೆ ಕಿಂಡಿ, ಆಮೇಲೆ ಬೇರೆ ಯಂತ್ರ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ಎಂದೂ ತಿಳಿಯುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕು ಟಿಕ್ ಟಿಕ್ಕೆಂದು ಸದ್ದು ಮಾಡತೊಡಗಿದರೆ ಅಲ್ಲಿಗೇ ನಿಲ್ಲಿಸಿಬಿಡಬೇಕು. ಓಡಿಸಿದಷ್ಟೂ ಹಾನಿ ಹೆಚ್ಚಬಹುದು. ಒಳಗಿನದು ಬೆಲೆಯುಳ್ಳದ್ದಾದರೆ ಮಾಹಿತಿ ಹೊರತೆಗೆಯುವ ನಿಪುಣರಿಗೆ ಒಪ್ಪಿಸುವುದೇ ಲೇಸು.

ಹೆಸರು ಇದ್ದರೆ ಅರ್ಧ ಚಿಂತೆ ಕಳೆಯಿತು. ಆಗ ನೋಡಬೇಕಾದುದು ಚೀಟಿಯನ್ನು, ಎಂದರೆ ಯಾವುದರಿಂದ ಮೊದಲು ಎಬ್ಬಿಸಬೇಕೆಂಬ ಸರದಿಯನ್ನು ಮತ್ತು ಎಬ್ಬಿಸುವ ಕ್ರಮವನ್ನು. ಹಳೆಯ ಕ್ರಮದಲ್ಲಿ ಬಯಾಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಒಂದು ಗುರುತನ್ನು ನೋಡುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ನೋಡಿದ ಹಾಗೆ. ಹೊಸ ಕ್ರಮದಲ್ಲಿ ಯುಇಎಫ್‌ಐ ಡಿಸ್ಕಿನಲ್ಲಿ ಇದಕ್ಕೆಂದೇ ಮೀಸಲಾದ ಚಿಕ್ಕ ಭಾಗವನ್ನು ಹುಡುಕಿ, ಅಲ್ಲಿನ ಕಡತವನ್ನು ನಡೆಸುತ್ತದೆ. ಒಂದು ಕ್ರಮಕ್ಕೆ ಸಿದ್ಧವಾದ ಡಿಸ್ಕನ್ನು ಇನ್ನೊಂದು ಕ್ರಮದಲ್ಲಿ ಎಬ್ಬಿಸಹೊರಟರೆ, ಡಿಸ್ಕು ಆರೋಗ್ಯವಾಗಿದ್ದರೂ ಯಂತ್ರ "ಇಲ್ಲ" ಎನ್ನುತ್ತದೆ.

ನಮ್ಮ ಯಂತ್ರದ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇದ್ದಿತು! ಆದರೆ ಮೇಷ್ಟ್ರ ಕಣ್ಣು ಬೇರೆಡೆಗೆ ಹೋಗಿದ್ದಿತು. "ಮೇಲೆ ತಾರೀಕು ನೋಡಪ್ಪ" ಎಂದರು. ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದಿದ್ದಿತು. ಯಂತ್ರಕ್ಕೆ ಕಾಲದ ಪರಿವೆಯೇ ತಪ್ಪಿದ್ದಿತು.

ಕಾರಣ ಇಷ್ಟು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಶೆಲ್ಲು ಇರುತ್ತದೆ: ಸಿಆರ್2032, 3 ವೋಲ್ಟ್, 20 ಮಿಲಿಮೀಟರ್ ಅಗಲ. ಯಂತ್ರಕ್ಕೆ ಗೋಡೆಯ ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಹಲವು ಯಂತ್ರಗಳಲ್ಲಿ ಅದರ ಬಲ ಕುಗ್ಗಿದರೆ ಸೆಟಪ್ಪಿನಲ್ಲಿ ನಾವು ಮಾಡಿದ್ದ ಆಯ್ಕೆಗಳೂ ಅಳಿಸಿ, ಕಾರ್ಖಾನೆಯ ಆಯ್ಕೆಗಳು ಮರಳುತ್ತವೆ. ನಾವಾದರೋ ದಿನವೂ ಸಂಜೆ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವವರು. ರಜೆಯ ಅಷ್ಟು ದಿನವೂ ಭಾರವೆಲ್ಲ ಆ ಹಳೆಯ ಶೆಲ್ಲಿನ ಮೇಲೆಯೇ ಬಿದ್ದು, ಅದು ಸೋತುಹೋಗಿದ್ದಿತು. ನಮ್ಮ ಡಿಸ್ಕು ಹಳೆಯ ಕ್ರಮದ್ದು. ಕಾರ್ಖಾನೆಯ ಆಯ್ಕೆ ಹೊಸ ಕ್ರಮದ್ದು. ಅಟೆಂಡರರ ಚೀಟಿ ಬದಲಾಗಿದ್ದಿತು, ಅಷ್ಟೆ.

ಮೇಷ್ಟ್ರು ಇದ್ದ ಆಯ್ಕೆಗಳ ಚಿತ್ರವನ್ನು ಮೊದಲು ಫೋನಿನಲ್ಲಿ ತೆಗೆದುಕೊಂಡರು. ಆಮೇಲೆ ತಾರೀಕನ್ನು ತಿದ್ದಿ, ಕ್ರಮವನ್ನು ಹಳೆಯದಕ್ಕೆ ತಿರುಗಿಸಿ ಉಳಿಸಿದರು. ವಿಂಡೋಸ್ ಎದ್ದಿತು! ಅವರು ಬೇರೆ ಯಾವುದಕ್ಕೂ ಕೈಹಾಕದೆ, "ಮೊದಲು ಪ್ರತಿ ಮಾಡಿಕೊಳ್ಳಿ" ಎಂದರು. ಎಲ್ಲವನ್ನೂ ಎರಡು ಕಡೆಗೆ ಇಳಿಸಿಕೊಂಡೆವು. ಮರುದಿನ ಹೊಸ ಶೆಲ್ಲು ಕೂರಿಸಿ, ಆಯ್ಕೆಗಳನ್ನು ಇನ್ನೊಮ್ಮೆ ಸರಿಪಡಿಸಿದೆವು. ಅಂದಿನಿಂದ ಯಂತ್ರ ತಪ್ಪದೆ ಏಳುತ್ತಿದೆ. ಕೆಲವು ಹತ್ತು ರೂಪಾಯಿಗಳ ಶೆಲ್ಲಿನ ದೋಷಕ್ಕೆ ಎರಡು ವರ್ಷದ ಹಾಡುಗಳನ್ನು ಅಳಿಸಲು ಹೊರಟಿದ್ದೆವಲ್ಲ ಎಂದು ಈಗಲೂ ನಡುಕ ಬರುತ್ತದೆ.

ಎಲ್ಲರ ಯಂತ್ರಕ್ಕೂ ಇದೇ ರೋಗವಿರಬೇಕೆಂದಿಲ್ಲ. ಇತ್ತೀಚಿನ ಹಲವು ಯಂತ್ರಗಳಲ್ಲಿ ಹಳೆಯ ಕ್ರಮವೇ ಇಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಸೆಟಪ್ ಬದಲಿಸಿದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಎಲ್ಲ ಸರಿಯಿದ್ದೂ ವಿಂಡೋಸ್ ಏಳದಿದ್ದರೆ, ಪೆನ್‌ಡ್ರೈವಿನಿಂದಲೇ ನಡೆಯುವ ಉಬುಂಟುವಿನಂತಹ ಲಿನಕ್ಸ್ ಹಾಕಿ ಕಡತಗಳನ್ನು ಹೊರತೆಗೆದುಕೊಂಡು, ಅನಂತರ ದುರಸ್ತಿಗೆ ತೊಡಗಬಹುದು. ಅಂತೂ ಪ್ರತಿ ಮೊದಲು, ದುರಸ್ತಿ ಆಮೇಲೆ, ಫಾರ್ಮ್ಯಾಟ್ ಎಲ್ಲಕ್ಕೂ ಕೊನೆಗೆ.

ಅಂದು ಸಂಜೆ ವಿಭಾಗದ ಕೊಠಡಿಯಲ್ಲಿ ಅಜ್ಜಿಯ ಬೀಸುವ ಪದವನ್ನು ಹಾಕಿ ಕೇಳಿದೆವು. ನಡುವೆ ಅವಳು ಹಾಡು ನಿಲ್ಲಿಸಿ, "ಬರಕೊಂಡೇನೋ ಮಗಾ?" ಎಂದು ನನ್ನನ್ನು ಕೇಳುತ್ತಾಳೆ. ಗುರುಗಳು ನನ್ನ ಮುಖ ನೋಡಿ ನಕ್ಕರು. ವಾಚಕ ಮಿತ್ರರೆ, ನಿಮ್ಮ ಯಂತ್ರದಲ್ಲಿಯೂ ಇನ್ನೆಲ್ಲಿಯೂ ಸಿಕ್ಕದಂತಹುದು ಏನಾದರೂ ಇದ್ದೀತು. ಅದರ ಇನ್ನೊಂದು ಪ್ರತಿಯನ್ನು ನಾಳೆಯಲ್ಲ, ಇಂದೇ ಮಾಡಿಡಿರಿ.